ಕ್ಯಾಸೆಟ್ ಲ್ಯಾಬನ್ನು ಕಂಪ್ಯೂಟರಿಗೆ ದಾಟಿಸುವಾಗ

ಬಸವನಗುಡಿ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಂಗ್ವೇಜ್ ಲ್ಯಾಬ್, ಅಂದರೆ ಭಾಷೆ ಕೇಳಿ ಹೇಳಿ ಕಲಿಯುವ ಕೋಣೆ, ನೋಡಿಕೊಳ್ಳುವುದು ನನ್ನ ಕೆಲಸ. ನಾನು ಸೇರಿದಾಗ ಅಲ್ಲಿ 24 ಬೂತ್ ಇದ್ದವು. ಬೂತಿಗೊಂದು ಕ್ಯಾಸೆಟ್ ಡೆಕ್, ಮುಂದೆ ಪಾಠ ಮಾಡುವ ಮೇಡಂ ಕೂರುವ ಕನ್ಸೋಲ್. ಈಗ ಅದೇ ಬೂತ್‌ಗಳಲ್ಲಿ ಕಂಪ್ಯೂಟರ್ ಇವೆ. ಬೇರೆ ಕಾಲೇಜಿನವರು ಫೋನ್ ಮಾಡಿ "ಯಾವ ಸಾಫ್ಟ್‌ವೇರ್ ತಗೊಂಡ್ರಿ?" ಎಂದು ಕೇಳುತ್ತಾರೆ. ಅದನ್ನು ಕೊನೆಗಿಟ್ಟುಕೊಳ್ಳಿ ಎನ್ನುತ್ತೇನೆ. ದುಡ್ಡನ್ನೆಲ್ಲ ಲೈಸೆನ್ಸಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಹೆಡ್‌ಸೆಟ್ ತಂದವರು ನಾವು.

ಮೊದಲು ಹಳೆಯ ಯಂತ್ರ ಏನೇನು ಮಾಡುತ್ತಿತ್ತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮಲ್ಲಿ ಹುಡುಗ ಪಾಠ ಕೇಳುತ್ತಿದ್ದ, ತಾನೂ ಹೇಳುತ್ತಿದ್ದ. ಹೇಳುವಾಗಲೇ ಅವನ ದನಿ ಅವನ ಕಿವಿಗೆ ಬೀಳುತ್ತಿತ್ತು. ಆಮೇಲೆ ಎರಡನ್ನೂ ಹೋಲಿಸಿ ನೋಡುತ್ತಿದ್ದ. ಮೇಡಂ ಒಂದು ಸ್ವಿಚ್ ಒತ್ತಿ ಯಾರ ಬೂತಿಗೆ ಬೇಕಾದರೂ ನುಗ್ಗುತ್ತಿದ್ದರು. ಟೇಪಿನಲ್ಲಿ ಎರಡು ಟ್ರ್ಯಾಕ್. ಒಂದರಲ್ಲಿ ಪಾಠ, ಅದನ್ನು ಹುಡುಗರು ಅಳಿಸಲಾರರು. ಇನ್ನೊಂದರಲ್ಲಿ ಅವರ ದನಿ, ಎಷ್ಟು ಸಲ ಬೇಕಾದರೂ ಅಳಿಸಿ ಹೇಳಬಹುದು. ಸಾಫ್ಟ್‌ವೇರ್ ಮಾರುವವರು ಬಂದರೆ ಈ ಹಾಳೆ ಮುಂದಿಡಿ. ಒಂದೊಂದನ್ನೂ ಮಾಡಿ ತೋರಿಸಿ ಅನ್ನಿ. ಬಣ್ಣಬಣ್ಣದ ಗ್ರಾಫ್ ಆಮೇಲೆ.

ಇನ್ನು ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು. ಡೆಕ್‌ನಲ್ಲಿ ಟೇಪ್ ತಾಗಿಕೊಂಡು ಹೋಗುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬೆಲ್ಟ್ ಸಡಿಲವಾಗಿದ್ದರೆ ದನಿ ರಾಗ ಎಳೆಯುತ್ತದೆ, ಬದಲಿಸಿ. ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಕೊಡಿ. ಮೈಕ್ ತೂತಿಗೆ ಚುಚ್ಚಬೇಡಿ, ದನಿ ಒಡೆಯುತ್ತದೆ. ದನಿ ರೆಕಾರ್ಡ್ ಮಾಡುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದು ಸಾಕು. ಅದರಲ್ಲಿ ರೆಕಾರ್ಡಿಂಗ್ ಗುಣಮಟ್ಟ 44.1 ಕಿಲೋಹರ್ಟ್ಸ್, 16 ಬಿಟ್ ಇಡಿ. ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಮರೆಯದೆ ಸ್ಟೀರಿಯೋದಲ್ಲೇ, ಅಂದರೆ ಎರಡೂ ಟ್ರ್ಯಾಕ್ ಬೇರೆಬೇರೆ ಉಳಿಯುವ ಹಾಗೆ, ಇಳಿಸಿ.

ನಾನು ಜಾಗ ಉಳಿಸಲು ಹೋಗಿ ಮೋನೋದಲ್ಲಿ ಇಳಿಸಿದ್ದೆ. 11 ಕ್ಯಾಸೆಟ್ ಮುಗಿಸಿ ಕೂತು ಕೇಳಿದರೆ, ಪಾಠದ ಜೊತೆಗೇ ಯಾವ ಕಾಲದ್ದೋ ಹುಡುಗರು ತೊದಲುತ್ತಿದ್ದಾರೆ. ಒಬ್ಬ ಸೀನುತ್ತಿದ್ದಾನೆ. ಎರಡೂ ಟ್ರ್ಯಾಕ್ ಕಲಸಿಹೋಗಿತ್ತು. ಸ್ಟೀರಿಯೋದಲ್ಲಿದ್ದರೆ ಟ್ರ್ಯಾಕ್ ಮೆನುವಿನಲ್ಲಿ ಎರಡನ್ನೂ ಬೇರೆ ಮಾಡಿ, ಹುಡುಗರದ್ದನ್ನಷ್ಟೇ ಅಳಿಸಬಹುದಿತ್ತು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ಎಲ್ಲವನ್ನೂ ಮತ್ತೆ ಇಳಿಸಿದೆ.

ಹೆಡ್‌ಸೆಟ್ ವಿಷಯಕ್ಕೆ ಬರೋಣ. ವೈರ್ ಇರುವುದನ್ನೇ ತನ್ನಿ. ಬ್ಲೂಟೂತ್ ನೋಡಲು ಚೆಂದ, ಆದರೆ ಮೈಕ್ ಚಾಲೂ ಆದ ತಕ್ಷಣ ಹಲವು ಹೆಡ್‌ಸೆಟ್‌ಗಳು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತವೆ. ಹಳೆಯವಾದರೆ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದನ್ನೇ ಕತ್ತರಿಸುತ್ತವೆ. 'ಸ' ಹೇಳುವಾಗ ಬರುವ ಸುಯ್ ಎನ್ನುವ ಸದ್ದು ಹೆಚ್ಚಾಗಿ ಇರುವುದೇ ಅಲ್ಲಿ. ಸಂಜೆ ನಮ್ಮಲ್ಲಿ ಹೊರರಾಜ್ಯದಿಂದ ಬಂದ ಉದ್ಯೋಗಿಗಳಿಗೆ ಕನ್ನಡ ಕ್ಲಾಸ್ ಇದೆ. ಒಬ್ಬರು ಬ್ಲೂಟೂತ್ ಹಾಕಿಕೊಂಡು 'ಸಾಲು', 'ಶಾಲು' ಅಂತ ಇಪ್ಪತ್ತು ಸಲ ಹೇಳಿದರು. ಎರಡೂ ಒಂದೇ ಥರ ಕೇಳಿಸಿತು. ಪಾಪ, ತಪ್ಪು ಅವರ ನಾಲಿಗೆಯದ್ದು ಅಂದುಕೊಂಡಿದ್ದೆವು.

ಹಾಗೆಯೇ ಮೈಕಿನ ಗದ್ದಲ ತೆಗೆಯುವ ಸೌಲಭ್ಯವನ್ನು (ನಾಯ್ಸ್ ಸಪ್ರೆಷನ್) ಆಫ್ ಮಾಡಿ. ಫ್ಯಾನಿನ ಸದ್ದು ಅಂದುಕೊಂಡು ಅದು 'ಸ', 'ಶ'ಗಳನ್ನೂ ಸವರಿಬಿಡಬಹುದು.

ಹಳೆಯ ಲ್ಯಾಬ್ ಗೆಲ್ಲುವುದು ಒಂದು ಕಡೆ. ಅಲ್ಲಿ ನಮ್ಮ ದನಿ ತಂತಿಯಲ್ಲಿ ಹೋಗಿ ಆ ಕ್ಷಣವೇ ಕಿವಿಗೆ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಅದು ಸಾಫ್ಟ್‌ವೇರ್ ಒಳಗೆಲ್ಲ ಸುತ್ತಿ ತಡವಾಗಿ ಬರುತ್ತದೆ. ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಚೆನ್ನಾಗಿ ಮಾತಾಡುವವರೇ ತೊದಲುತ್ತಾರೆ. ವಿಂಡೋಸ್‌ನ ಮೈಕ್ ಸೆಟ್ಟಿಂಗ್ಸ್‌ನಲ್ಲಿ 'ಲಿಸನ್ ಟು ದಿಸ್ ಡಿವೈಸ್' ಎಂಬ ಟಿಕ್ ಇದೆ, ಅದನ್ನು ಹಾಕಿ ನೀವೇ ಮಾತಾಡಿ ನೋಡಿ, ಗೊತ್ತಾಗುತ್ತದೆ. ಆಮೇಲೆ ಆ ಟಿಕ್ ತೆಗೆದುಬಿಡಿ. ಸೈಡ್‌ಟೋನ್ ಇರುವ, ಅಂದರೆ ನಮ್ಮ ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕಿವಿಗೆ ಕೊಡುವ, ಹೆಡ್‌ಸೆಟ್ ಸಿಕ್ಕರೆ ಸರಿ. ಇಲ್ಲದಿದ್ದರೆ ಮೊದಲು ರೆಕಾರ್ಡ್ ಮಾಡಿ ಆಮೇಲೆ ಕೇಳಿಸಿ.

ಈಗ ಸಾಫ್ಟ್‌ವೇರ್. ಮೇಡಂ ನಡುವೆ ನುಗ್ಗಲೇಬೇಕು ಅಂದರೆ ದುಡ್ಡು ಕೊಟ್ಟೇ ಕೊಳ್ಳಿ. ಬೇಡ ಅಂದರೆ ಆಡಾಸಿಟಿ ಮತ್ತು ಒಂದು ಶೇರ್ಡ್ ಫೋಲ್ಡರ್ ಸಾಕು. ಇಲ್ಲವೇ ಮೂಡಲ್, ಬ್ರೌಸರಿನಲ್ಲೇ ಪಾಠ, ಪರೀಕ್ಷೆ ನಡೆಸುವ ಸಾಫ್ಟ್‌ವೇರ್. ಅದರಲ್ಲಿ ಉತ್ತರ ಬರೆಯುವ ಜಾಗದಲ್ಲೇ ದನಿ ರೆಕಾರ್ಡ್ ಮಾಡಬಹುದು. ಸುಮ್ನೆ ಬಿಟ್ಟರೆ 2 ನಿಮಿಷಕ್ಕೆ ನಿಲ್ಲುತ್ತದೆ, ಅಡ್ಮಿನ್ ಅದನ್ನು ಹೆಚ್ಚಿಸಬಹುದು. ಸರ್ವರ್ ಕಾಲೇಜಿನ ಒಳಗೇ ಇದ್ದರೂ ವಿಳಾಸ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ್ದು) ಆಗಿರಲಿ. ಬರೀ ಎಚ್‌ಟಿಟಿಪಿ ಆದರೆ ಬ್ರೌಸರ್ ಮೈಕ್ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಒಂದು ವಾರ ಹೆಡ್‌ಸೆಟ್‌ಗಳನ್ನು ಬೈಯ್ದಿದ್ದೇನೆ.

ಬೂತ್‌ಗಳ ಹಲಗೆ ಮಾತ್ರ ಕೀಳಿಸಬೇಡಿ. 24 ಜನ ಒಟ್ಟಿಗೆ ಮಾತಾಡುವಾಗ ಪಕ್ಕದವರ ದನಿ ತಡೆಯಲು ಅದೇ ಬೇಕು.

ಕೊನೆಗೆ, ಎಲ್ಲ ಸೀಟಿನಲ್ಲೂ ಜನ ಕೂರಿಸಿ, ಫ್ಯಾನ್ ಹಾಕಿ, 'ಸಾಲು, ಶಾಲು, ಬೆಲೆ, ಬೆಳೆ' ಹೇಳಿಸಿ ರೆಕಾರ್ಡ್ ಮಾಡಿ. ಯಾವ ಸೀಟಿನದು ಮಸುಕು ಎಂದು ಬರೆದುಕೊಳ್ಳಿ. ನಮ್ಮ 7ನೇ ಸೀಟಿನಲ್ಲಿ ಶಾಲು ಇನ್ನೂ ಸಾಲಿನಲ್ಲೇ ಇದೆ. ಈ ಶನಿವಾರ ಎಸ್.ಪಿ. ರೋಡಿಗೆ ಹೋಗಿ ಹೊಸ ಹೆಡ್‌ಸೆಟ್ ತರಬೇಕು.