ಓಕ್ ಮರದ ಗಂಟಿಂದ ಕಣಜ ಹೊರಗೆ ಬರೋದನ್ನ ನೋಡ್ಬೇಕಾ? ಹೀಗ್ ಮಾಡಿ

ಓಕ್ ಕೊಂಬೇಲಿ ಗೋಲಿ ಸೈಜಿನ ಉಂಡೆ ಕಂಡ್ರೆ ಕಾಯಿ ಅನ್ಕೋಬೇಡಿ, ಓಕ್ ಕಾಯಿಗೆ ತಳದಲ್ಲಿ ಪುಟ್ಟ ಬಟ್ಟಲು ಥರ ಇರತ್ತೆ, ಇದಕ್ಕೆ ಇರಲ್ಲ. ಇದು ಗಾಲ್. ಮಾಚಿಕಾಯಿ ಅಂತೀವಲ್ಲ, ಅದೂ ಇದೇ ಥರದ್ದು. ಇರುವೆಯಷ್ಟಿರೋ ಕಣಜ ಮೊಗ್ಗಲ್ಲಿ ಮೊಟ್ಟೆ ಇಟ್ಟು ಹೋಗತ್ತೆ, ಆಮೇಲೆ ಮರಾನೇ ಆ ಹುಳದ ಸುತ್ತ ಮನೆ ಕಟ್ಟಿ ಊಟಾನೂ ಹಾಕತ್ತೆ.

ಕೀಳೋಕೆ ಮುಂಚೆ ತಿರುಗಿಸಿ ತೂತು ನೋಡಿ. ದುಂಡನೆ ತೂತು ಇದ್ರೆ ಯಾರೋ ಆಗ್ಲೇ ಮನೆ ಖಾಲಿ ಮಾಡಿದಾರೆ ಅಂತ. ತೂತಿಲ್ಲದ, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರೋದೇ ಬೇಕು, ಬೇಸಿಗೆ ಮುಗಿಯೋ ಹೊತ್ತಿಗೆ ಸಿಗತ್ತೆ. ನಾನು ಆತುರಕ್ಕೆ ಹಸಿರಿರೋವಾಗ್ಲೇ ಕಿತ್ತು ತಂದಿದ್ದೆ, ವಾರದಲ್ಲಿ ಒಣದ್ರಾಕ್ಷಿ ಥರ ಸುಕ್ಕಾಯ್ತು, ಬ್ಲೇಡಲ್ಲಿ ಕೊಯ್ದು ನೋಡಿದ್ರೆ ನಡುವಿನ ಗೂಡಲ್ಲಿ ಕಾಲಿಲ್ಲದ ಬಿಳಿ ಹುಳ ಮುದುಡ್ಕೊಂಡು ಸತ್ತಿತ್ತು, ಮರದಿಂದ ಬರೋ ಊಟ ನಿಂತ್ಹೋಯ್ತಲ್ಲ ಪಾಪ.

ಚೂರು ಕಡ್ಡಿ ಸಮೇತ ಕತ್ತರಿಸಿ ಗಾಜಿನ ಬಾಟ್ಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಮುಚ್ಚಳ ಬಿಗಿದ್ರೆ ಬೂಸ್ಟು ಗ್ಯಾರಂಟಿ. ಬಿಸಿಲು ಬೀಳದ ಕಡೆ ಹೊರಗೇ ಇಡಿ, ತೀರಾ ಒಣಗಿದ್ರೆ ಒಂಚೂರು ನೀರು ಚಿಮುಕಿಸಿ, ಕಿತ್ತ ತಾರೀಖು ಬರೆದು ಅಂಟಿಸಿ. ಆಮೇಲೆ ಕಾಯ್ತಾ ಇರಿ, ಕೆಲವಂತೂ ಚಳಿಗಾಲ ಕಳೆದ್ಮೇಲೇ ಬರೋದು.

ಮಜಾ ಇರೋದು ಇಲ್ಲೇ: ಬಂದಿದ್ದೆಲ್ಲಾ ಮನೆ ಓನರ್ರೇ ಆಗಿರಬೇಕಂತಿಲ್ಲ. ಬೆನ್ನು ಗೂನಾಗಿ, ಹೊಟ್ಟೆ ಪಕ್ಕದಿಂದ ಅಮುಕಿದ ಹಾಗೆ, ಕಂದು ಬಣ್ಣ ಇದ್ರೆ ಅದು ಗಾಲ್ ಕಣಜ. ಮಿರಿಮಿರಿ ಹಸಿರು ಮೈ, ಹಿಂದೆ ಸೂಜಿ ಥರ ಉದ್ದ ಬಾಲ ಇದ್ರೆ ಅದು ಪರಾವಲಂಬಿ, ಹೊರಗಿಂದ್ಲೇ ಗೋಡೆ ಚುಚ್ಚಿ ಮೊಟ್ಟೆ ಇಟ್ಟಿರತ್ತೆ, ಅದರ ಮರಿ ಒಳಗಿದ್ದ ಓನರನ್ನೇ ತಿಂದು ಬೆಳೆದಿರತ್ತೆ. ಇನ್ನು ಕೆಲವು ಬಿಟ್ಟಿ ಬಾಡಿಗೆದಾರರು, ಗೋಡೆ ತಿನ್ಕೊಂಡೇ ಇರ್ತಾವೆ. ಹೆದರ್ಬೇಡಿ, ಇವು ನಮ್ಮನ್ನ ಕುಟುಕಲ್ಲ.

ಗೋಲಿ ಗಾಲಿಂದ ಬರೋ ಗಾಲ್ ಕಣಜ ಎಲ್ಲಾ ಹೆಣ್ಣೇ, ಗಂಡಿನ ಹಂಗೇ ಇಲ್ದೆ ಟರ್ಕಿ ಓಕ್ ಅನ್ನೋ ಬೇರೆ ಓಕಿಗೆ ಹೋಗಿ ಮೊಟ್ಟೆ ಇಡತ್ತೆ, ಅಲ್ಲಿ ಹುಟ್ಟೋ ಪೀಳಿಗೇಲಿ ಗಂಡೂ ಇರತ್ತೆ. ಹಾಗಾಗಿ ನೋಡಿಯಾದ್ಮೇಲೆ ಬಿಟ್ಬಿಡಿ. ಮರಕ್ಕೆ ಔಷಧಿ ಹೊಡೆಯೋಕಂತೂ ಹೋಗ್ಬೇಡಿ, ಹುಳ ಒಳಗಿರೋದ್ರಿಂದ ತಾಗೋದೂ ಇಲ್ಲ, ದೊಡ್ಡ ಮರಕ್ಕೆ ಇದ್ರಿಂದ ಅಂಥಾ ತೊಂದರೆನೂ ಆಗಲ್ಲ.

ಖಾಲಿ ಗಾಲ್ ಎಸೀಬೇಡಿ, ಜಜ್ಜಿ ನೀರಲ್ಲಿ ನೆನೆಸಿ ತುಕ್ಕು ಹಿಡಿದ ಮೊಳೆ ಹಾಕಿಡಿ, ನೀರು ಕಪ್ಪಾಗ್ತಾ ಬರತ್ತೆ, ಹಳೇ ಕಾಲದ ಶಾಯಿ ಗುಟ್ಟು ಇದೇ. ಬಟ್ಟೆ ಮೇಲೆ ಮಾತ್ರ ಚೆಲ್ಕೋಬೇಡಿ.