ಬಾಲಚುಕ್ಕಿ ಬಂತು, ಭೂಮಿ ನಡುಗಿತು: ನಿಜವೇ ಎಂದು ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ

‘ಹಸಿರು ಧೂಮಕೇತು ಬಂದ ವಾರದಲ್ಲೇ ಟರ್ಕಿ ಕುಸಿಯಿತು’ ಎಂಬ ಫಾರ್ವರ್ಡ್ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಂದರೆ ದಿನಾಂಕ ಸುಳ್ಳು ಎನ್ನಬೇಡಿ. ಆ ಹಸಿರು ಧೂಮಕೇತು (ಹೆಸರು ಸಿ/2022 ಇ3) ಭೂಮಿಗೆ ಅತಿ ಹತ್ತಿರ ಬಂದದ್ದು 2023ರ ಫೆಬ್ರವರಿ 1ರಂದು, ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪ ಆದದ್ದು ಫೆಬ್ರವರಿ 6ರಂದು. ಪರೀಕ್ಷಿಸಬೇಕಾದದ್ದು ನಂಟನ್ನು.

ಭೂಕಂಪಗಳ ಪಟ್ಟಿ ತೆರೆಯುವ ಮೊದಲೇ ಮೂರು ವಿಷಯ ಕಾಗದದ ಮೇಲೆ ಬರೆದಿಡಿ: ಯಾವ ದಿನ, ಅದರ ಹಿಂದೆ ಮುಂದೆ ಎಷ್ಟು ದಿನ, ಕನಿಷ್ಠ ತೀವ್ರತೆ ಎಷ್ಟು. ಇಲ್ಲಿ ಸಡಿಲ ಬಿಟ್ಟರೆ ಎಲ್ಲವೂ ಕೆಡುತ್ತದೆ. ಇದೇ ಧೂಮಕೇತು ಸೂರ್ಯನಿಗೆ ಸಮೀಪವಿದ್ದದ್ದು ಜನವರಿ 12ರಂದು. ಅದನ್ನು ಹಿಡಿದರೂ ಬೇಟೆ ಸಿಗುತ್ತದೆ: ಜನವರಿ 9ರಂದು ಇಂಡೋನೇಷ್ಯಾದಲ್ಲಿ 7.6.

ಧೂಮಕೇತು ಹತ್ತಿರ ಬಂದ ದಿನ ತಿಳಿಯಲು ನಾಸಾದ ಪ್ರಯೋಗಾಲಯ ಜೆಪಿಎಲ್‌ನ ಹೊರೈಜನ್ಸ್ ತಾಣ ಸಾಕು. ವೀಕ್ಷಣಾ ಸ್ಥಳವಾಗಿ ಭೂಕೇಂದ್ರವನ್ನೇ ಇಟ್ಟು, 20ನೇ ಪರಿಮಾಣ (ದೂರ ಮತ್ತು ವೇಗ) ಆರಿಸಿ. ವೇಗದ ಅಂಕಣ ಋಣದಿಂದ (ಹತ್ತಿರ ಬರುತ್ತಿದೆ) ಧನಕ್ಕೆ (ದೂರ ಹೋಗುತ್ತಿದೆ) ತಿರುಗುವ ಸಾಲೇ ಅತಿ ಹತ್ತಿರದ ಗಳಿಗೆ. ಹ್ಯಾಲಿಯಂಥ ಮರಳಿ ಬರುವ ಧೂಮಕೇತುಗಳಿಗೆ ಹಲವು ದಾಖಲೆಗಳಿರುತ್ತವೆ. ನಿಮಗೆ ಬೇಕಾದ ಭೇಟಿಯದನ್ನೇ ಆರಿಸಿ.

ಕಂಪನಗಳಿಗೆ ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ ಯುಎಸ್‌ಜಿಎಸ್‌ನ ಹುಡುಕು ಪುಟ. ಕನಿಷ್ಠ ತೀವ್ರತೆ 7, ಪ್ರದೇಶ ಇಡೀ ಜಗತ್ತು, 1990ರಿಂದ ಇಂದಿನವರೆಗೆ, ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ). ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ನಮ್ಮ ಸಮಯಕ್ಕೆ ತರಲು ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿ, ಇಲ್ಲವಾದರೆ ತಾರೀಖೇ ಬದಲಾಗಬಹುದು. ಒಂದೇ ಜಾಗದ ಹಿಂದುಮುಂದಿನ ಕಂಪನಗಳನ್ನು ಒಂದಾಗಿ ಎಣಿಸಿ: ಟರ್ಕಿಯಲ್ಲಿ 9 ಗಂಟೆಯ ನಂತರ 7.5ರದ್ದೂ ಆಯಿತು, ಅದು ಎರಡನೇ ‘ಸಾಕ್ಷಿ’ ಅಲ್ಲ. (ಬೆಂಗಳೂರಿನಲ್ಲಿ ಕೇಳಿದ ‘ಢಂ’ ಸದ್ದನ್ನಂತೂ ಪಟ್ಟಿಗೆ ಸೇರಿಸಲೇಬೇಡಿ. 2020ರ ಮೇ 20ರದು ವಾಯುಪಡೆಯ ವಿಮಾನದ್ದು.)

ಈಗ ಗುಟ್ಟು ಬಯಲಾಗುತ್ತದೆ. 7 ಮತ್ತು ಮೇಲ್ಪಟ್ಟ ಕಂಪನ ವರ್ಷಕ್ಕೆ ಸರಾಸರಿ 16, ಅಂದರೆ 23 ದಿನಕ್ಕೊಂದು. ಹಿಂದೆ ಮುಂದೆ 7 ದಿನದ ಕಿಟಕಿಯಲ್ಲಿ ಒಂದಾದರೂ ಬೀಳುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ. 15 ದಿನ ಮಾಡಿದರೆ ನಾಲ್ಕರಲ್ಲಿ ಮೂರು. ಕಾಗೆ ಸದಾ ಕೂತೇ ಇರುವ ಕೊಂಬೆ ಇದು. ನಂಬಿಕೆ ಬರದಿದ್ದರೆ ಎಕ್ಸೆಲ್‌ನಲ್ಲಿ ಮನಬಂದಂತೆ 50 ದಿನಾಂಕ ಹುಟ್ಟಿಸಿ ಅದೇ ಕಿಟಕಿ ಇಟ್ಟು ಎಣಿಸಿ. ಧೂಮಕೇತು ಬಂದ ದಿನಗಳಲ್ಲಿ ಕಂಪನ ಸಿಕ್ಕ ಪಾಲು ಇದಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ ಮಾತ್ರ ಮಾತು ಮುಂದುವರಿಸಬಹುದು.

ಕೊನೆಯದು ಬಲದ ಲೆಕ್ಕ. ನೆಲವನ್ನು ಹಿಗ್ಗಿಸುವ ಸೆಳೆತ ದೂರದ ವರ್ಗಕ್ಕಲ್ಲ, ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ವರ್ಗ ಹಾಕಿ ಎಡವುವವರೇ ಹೆಚ್ಚು. 1996ರಲ್ಲಿ ಹ್ಯಾಕುಟಾಕೆ ಎಂಬ ಧೂಮಕೇತು ಸುಮಾರು 1.5 ಕೋಟಿ ಕಿ.ಮೀ.ವರೆಗೆ ಬಂತು, ಚಂದ್ರನಿಗಿಂತ 40 ಪಟ್ಟು ದೂರ. ಅಷ್ಟು ದೂರದಲ್ಲಿ ಹ್ಯಾಲಿಯೇ (ತೂಕ 2.2×10¹⁴ ಕೆ.ಜಿ.) ಇದೆ ಎಂದಿಟ್ಟುಕೊಳ್ಳಿ. ಚಂದ್ರ ಅದಕ್ಕಿಂತ 33 ಕೋಟಿ ಪಟ್ಟು ಭಾರ. 33 ಕೋಟಿಯನ್ನು 40ರ ಘನ 64,000ದಿಂದ ಗುಣಿಸಿದರೆ, ಧೂಮಕೇತುವಿನ ಸೆಳೆತ ಚಂದ್ರನದರ 21 ಲಕ್ಷ ಕೋಟಿಯಲ್ಲೊಂದು. ಆ ಚಂದ್ರನೋ ನಿತ್ಯ ನೆಲವನ್ನು ಹತ್ತಾರು ಸೆಂ.ಮೀ. ಏರಿಳಿಸುತ್ತಲೇ ಇದ್ದಾನೆ.