ಏಳನೇ ಇಲಿ ಯಾಕೆ ಬೆಳಗಲಿಲ್ಲ

ಸಿರುಗುಪ್ಪದಲ್ಲಿ ನಮ್ಮದು ಭತ್ತದ ಗದ್ದೆ. ಇಲಿ ಅಂದರೆ ನಮ್ಮಪ್ಪನಿಗೆ ತೆನೆ ಕಡಿಯುವ ಶತ್ರು; ಬದುವಿನ ಬಿಲಗಳಿಗೆ ಮದ್ದಿಡುವುದು ಪ್ರತಿ ಬೆಳೆಗೂ ಇದ್ದದ್ದೇ. ಬೆಂಗಳೂರಿನ ಪ್ರಯೋಗಾಲಯದಲ್ಲಿ 22 ಡಿಗ್ರಿ ತಂಪಿನಲ್ಲಿ ಇಲಿ ನೋಡಿಕೊಳ್ಳುವ ಕೆಲಸ ಅಂದಾಗ ಅಪ್ಪ ನಕ್ಕುಬಿಟ್ಟರು. "ನಾವಿಲ್ಲಿ ಬ್ಯಾಸಿಗ್ಯಾಗ ಬೇಯ್ತೀವಿ, ನಿನ್ನ ಇಲಿಗೆ ಎಸಿ ಏನವ್ವಾ?"

ನನ್ನ ಕೆಲಸ ಇಲಿಯೊಳಗಿನ ಸ್ತನ ಕ್ಯಾನ್ಸರನ್ನು ಬೆಳಕಿನಿಂದ ಹುಡುಕುವುದು. ಮಿಂಚುಹುಳದ ಲೂಸಿಫರೇಸ್ ಕಿಣ್ವದ ಜೀನನ್ನು ಕ್ಯಾನ್ಸರ್ ಕೋಶಗಳಿಗೆ ಮೊದಲೇ ಸೇರಿಸಿ, ಆ ಕೋಶಗಳನ್ನು ಇಲಿಗೆ ಹಾಕಿರುತ್ತೇವೆ. ನಮ್ಮಲ್ಲಿದ್ದದ್ದು 4ಟಿ1 ಅನ್ನುವ ಇಲಿಯ ಸ್ತನ ಕ್ಯಾನ್ಸರ್ ಕೋಶಗಳು, ಬಾಲ್ಬ್-ಸಿ ತಳಿಯ ಬಿಳಿ ಇಲಿಗಳು. ಆಮೇಲೆ ಆ ಕಿಣ್ವ ಬೆಳಗಿಸುವ ಲೂಸಿಫೆರಿನ್ ಅನ್ನುವ ವಸ್ತು ಚುಚ್ಚಿದರೆ ಆ ಕೋಶಗಳು ಮಾತ್ರ ಮಿನುಗುತ್ತವೆ. ಅದಕ್ಕೆ ಆಮ್ಲಜನಕ ಬೇಕು, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಬೇಕು. ಸತ್ತ ಕೋಶದಲ್ಲಿ ಎಟಿಪಿ ಇರುವುದಿಲ್ಲ, ಹಾಗಾಗಿ ಬೆಳಕೂ ಇಲ್ಲ. ಕ್ಯಾಲಿಪರ್ ಹಿಡಿದು ಅಳೆಯುವಾಗ ಗಡ್ಡೆ ಬೆರಳಿಗೆ ಸಿಗುವಷ್ಟು ಬೆಳೆದಿರಲೇಬೇಕು, ಮೇಲಾಗಿ ಒಳಗೆ ಸತ್ತ ಭಾಗವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಬೆಳಕು ಅದಕ್ಕೂ ಎಷ್ಟೋ ದಿನ ಮೊದಲು ಸುಳಿವು ಕೊಡುತ್ತದೆ.

ಓದುವಾಗ ಇದೆಲ್ಲ ಸಲೀಸು. ಮೊದಲ ತಂಡದ ಹತ್ತು ಇಲಿಗಳಲ್ಲಿ ಒಂಬತ್ತು ಬೆಳಗಿದವು, ಏಳನೆಯದು ಕತ್ತಲೆ. "ಗಡ್ಡೆ ಹಿಡಿದಿಲ್ಲ" ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಆಯಿತು. ನಮ್ಮ ಸೀನಿಯರ್ ಅಕ್ಕ ಪುಟ ನೋಡಿ ಒಂದೇ ಮಾತು ಕೇಳಿದರು: "ಸೂಜಿ ಎಲ್ಲಿಗೆ ಹೋಯ್ತು?"

ಹೊಟ್ಟೆಯ ಪೊರೆಯೊಳಗೆ ಹೋಗಬೇಕಾದ ಲೂಸಿಫೆರಿನ್ ಕರುಳಿಗೆ ಹೋಗಿತ್ತು ಅನಿಸುತ್ತದೆ. ಒಂದು ದಿನ ಬಿಟ್ಟು ಮತ್ತೆ ಚುಚ್ಚಿದೆ. ಏಳನೆಯದು ಉಳಿದವುಗಳಷ್ಟೇ ಬೆಳಗಿತು. ಅಂದಿನಿಂದ ಕೈ ಬದಲಾಯಿತು. ಇಲಿಯ ತಲೆಯನ್ನು ತುಸು ಕೆಳಕ್ಕೆ ಬಾಗಿಸಿ ಹಿಡಿಯುತ್ತೇನೆ, ಕರುಳು ಎದೆಯ ಕಡೆ ಸರಿಯಲಿ ಅಂತ. ಚುಚ್ಚುವುದು ಇಲಿಯ ಬಲಗಡೆ ಕೆಳಹೊಟ್ಟೆಗೆ. ಸಿರಿಂಜನ್ನು ಒಂದಿಷ್ಟು ಹಿಂದಕ್ಕೆಳೆದು, ಹಳದಿ ಹಸಿರು ಏನೂ ಬರಲಿಲ್ಲವೆಂದರೆ ಮಾತ್ರ ಒತ್ತುತ್ತೇನೆ. ಪ್ರಮಾಣ ಕಿಲೋ ತೂಕಕ್ಕೆ 150 ಮಿಲಿಗ್ರಾಂ. 20 ಗ್ರಾಂ ಇಲಿಗೆ 3 ಮಿಲಿಗ್ರಾಂ ಆಯಿತು. ಮಿಲಿಲೀಟರಿಗೆ 15 ಮಿಲಿಗ್ರಾಂ ಕಲಸಿಟ್ಟಿದ್ದರೆ 200 ಮೈಕ್ರೋಲೀಟರ್. ಪ್ರತಿ ಸಲ ತೂಗಲೇಬೇಕು, ಹೋದ ವಾರದ ತೂಕ ನಡೆಯದು.

ಇನ್ನೊಂದು ಗಡಿಯಾರ. ಬೆಳಕು ಏರಿ, ನಿಂತು, ಇಳಿಯುತ್ತದೆ. ಹಾಗಾಗಿ ಹೊಸ ತಂಡ ಬಂದಾಗಲೆಲ್ಲ ಮೊದಲು ಎರಡೆರಡು ನಿಮಿಷಕ್ಕೆ ಚಿತ್ರ ತೆಗೆದು ಶಿಖರ ಎಲ್ಲಿದೆ ನೋಡಿಕೊಳ್ಳುತ್ತೇವೆ. ನಮ್ಮವುಗಳಲ್ಲಿ 10ರಿಂದ 15 ನಿಮಿಷದ ನಡುವೆ ಬಂತು. ಒಂದನ್ನು 8ನೇ ನಿಮಿಷಕ್ಕೆ, ಇನ್ನೊಂದನ್ನು 20ಕ್ಕೆ ತೆಗೆದು ಹೋಲಿಸಿದರೆ ಅದು ರೋಗದ ಲೆಕ್ಕವಲ್ಲ, ನಮ್ಮ ಆಲಸ್ಯದ ಲೆಕ್ಕ.

ಐಸೋಫ್ಲೂರೇನ್ ಅನ್ನುವ ಅರಿವಳಿಕೆ ಕೊಟ್ಟು ಮಲಗಿಸಿದ ಇಲಿ ಬೆಚ್ಚನೆಯ ಹಾಸಿನ ಮೇಲೆ, ಕತ್ತಲ ಪೆಟ್ಟಿಗೆಯೊಳಗೆ. ಮೇಲಿನ ಕ್ಯಾಮೆರಾದ ಸೆನ್ಸರ್ ಮಾತ್ರ ಮೈನಸ್ 90 ಡಿಗ್ರಿಯಲ್ಲಿ. ಎದೆಗೂಡಿಗೆ ಹರಡಿದ್ದನ್ನು ಹುಡುಕುವಾಗ ನಾನು ಬಹಳ ಒದ್ದಾಡಿದೆ. ಕೆಳಗಿನ ಮೂಲ ಗಡ್ಡೆಯ ಪ್ರಖರತೆಗೆ ಪುಪ್ಪುಸದ ಮಂದ ಬೆಳಕು ಮುಚ್ಚಿಹೋಗುತ್ತಿತ್ತು. ಪರಿಹಾರ ನಾಚಿಕೆಯಾಗುವಷ್ಟು ಸರಳ: ಕಪ್ಪು ಕಾಗದ ಕತ್ತರಿಸಿ ಕೆಳಭಾಗಕ್ಕೆ ಹೊದಿಸಿ, ಹೆಚ್ಚು ಹೊತ್ತು ತೆರೆದಿಟ್ಟು ಚಿತ್ರ ತೆಗೆಯುವುದು. ಉಸಿರಾಟ ಕೆಡುವ ಮೊದಲೇ ಎದೆಯಲ್ಲಿ ಚುಕ್ಕೆ ಕಂಡಿತು. ಕೊನೆಗೆ ಪುಪ್ಪುಸ ತೆಗೆದು ಲೂಸಿಫೆರಿನ್‌ನಲ್ಲಿ ಅದ್ದಿ ಖಾತ್ರಿ ಮಾಡಿಕೊಂಡೆವು.

ನೈತಿಕ ಸಮಿತಿಗೆ ಅರ್ಜಿ ಹಾಕುವಾಗ ಈ ವಿಧಾನದ ಪರವಾಗಿ ಬರೆದದ್ದು ಇಷ್ಟು: ಅದೇ ಇಲಿಯನ್ನು ವಾರವಾರ ನೋಡಬಹುದು, ಪ್ರತಿ ವಾರ ಒಂದು ಗುಂಪನ್ನು ಕೊಂದು ಒಳಗೆ ನೋಡುವ ಅಗತ್ಯವಿಲ್ಲ. ಕೊಲ್ಲುವುದೇ ಇಲ್ಲ ಅಂತ ಮಾತ್ರ ಬರೆಯಲಾಗಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಚಿಗವ್ವನಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಆಕೆಗೆ ಸ್ತನದ ಆಪರೇಷನ್ ಆಗಿ ಎರಡು ವರ್ಷ. ಗಂಟು ಗೊತ್ತಾದಾಗ ಬಹಳ ತಡವಾಗಿತ್ತು. ಇಲಿಯ ಎದೆಯ ಕೆಂಪಿನ ಮೇಲೆ ಬೆರಳಿಟ್ಟು ನೋಡಿದಳು. ಆ ಕೆಂಪು ಕಂಪ್ಯೂಟರ್ ಹಚ್ಚಿದ ಬಣ್ಣ, ಹೆಚ್ಚು ಬೆಳಕಿದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ನೀಲಿ ಅಂತ ಹೇಳಿದೆ. ಆಕೆಗೆ ಬಣ್ಣ ಬೇಕಿರಲಿಲ್ಲ.

"ನಂಗೂ ಆ ಸೂಜಿ ಹಾಕಿದ್ರೆ ಒಳಗ ಉಳಕಂಡಿದ್ದು ಕಾಣತೈತೇನವ್ವಾ?"

ಇಲ್ಲ ಚಿಗವ್ವಾ, ನಿನ್ನ ಕೋಶಗಳಲ್ಲಿ ಮಿಂಚುಹುಳದ ಜೀನ್ ಇಲ್ಲ; ಇಲಿಗೆ ಹಾಕುವ ಕೋಶಕ್ಕೆ ನಾವೇ ಸೇರಿಸಿರುತ್ತೇವೆ, ನಿನಗೆ ಡಾಕ್ಟರು ಹೇಳಿದ ಮ್ಯಾಮೊಗ್ರಾಮೇ ಸರಿ ಅಂದೆ.

"ಅಂದ್ರೆ ನೀವೇ ಇಟ್ಟು ನೀವೇ ಹುಡುಕ್ತೀರಿ!"

ಹೌದು ಅಂದೆ. ಇಟ್ಟ ದಿನ, ಇಟ್ಟ ಕೋಶಗಳ ಸಂಖ್ಯೆ ಎರಡೂ ಗೊತ್ತಿರುವುದರಿಂದಲೇ, ಕ್ಯಾನ್ಸರ್ ಮದ್ದನ್ನು ಐದನೇ ದಿನ ಕೊಟ್ಟರೆ ಏನಾಗುತ್ತದೆ, ಹದಿನೈದನೇ ದಿನ ಕೊಟ್ಟರೆ ಏನಾಗುತ್ತದೆ ಅಂತ ಪಕ್ಕಪಕ್ಕ ಇಟ್ಟು ನೋಡಲು ಆಗುವುದು. ಆಕೆ ಫೋನು ವಾಪಸ್ ಕೊಟ್ಟು, "ಹದಿನೈದರಾಗ ಎಷ್ಟು ಉಳಿದ್ವು?" ಅಂತ ಕೇಳಿದಳು.